ಜಗಲಿ ಹತ್ತದ ನಾಯಿ

ನನಗೆ ನಾಯಿಗಳೆಂದರೆ ಅಷ್ಟಕ್ಕಷ್ಟೆ. ಇದನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು. ಬಂಟ್ವಾಳದ ಆ ಸಣ್ಣ ವಾರಪತ್ರಿಕೆಯಲ್ಲಿ ಕೆಲಸಕ್ಕಿದ್ದಾಗ ಜನ ನನ್ನನ್ನು ನಾಯಿಯ ಮೇಲೆ ಜೀವ ಇಟ್ಟವನು ಎಂದೇ ತಿಳಿದಿದ್ದರು. ಮೂಡುಬಿದಿರೆಯಲ್ಲಿ ಒಬ್ಬರು ಮರಿಯೊಂದನ್ನು ಬುಟ್ಟಿಯಲ್ಲಿ ಹಾಕಿ ತಂದುಕೊಟ್ಟದ್ದೂ ಉಂಟು. ಅದನ್ನು ಬಸ್ಸಿನ ಕಂಡಕ್ಟರನಿಗೆ ದಾಟಿಸಿ ಬಂದೆ. ನನ್ನ ಧಾರಾವಾಹಿಯಲ್ಲಿ ನಾಯಿ ಬಂದದ್ದು ಪ್ರೀತಿಯಿಂದಲ್ಲ, ಪುಟದಲ್ಲಿ ಜಾಗ ಉಳಿದದ್ದರಿಂದ.

ನಮ್ಮ ಜಿಲ್ಲೆ ಮದ್ರಾಸಿನಿಂದ ಮೈಸೂರಿಗೆ ಸೇರಿದ ಹೊಸತು. ಅಚ್ಚುಕೂಟ ಪೇಟೆಯ ಒಳರಸ್ತೆಯಲ್ಲಿತ್ತು, ಹಿಂಬಾಗಿಲು ತೆಗೆದರೆ ನೇತ್ರಾವತಿ. ಕೆಳಗೆ ಕಾಲಿನಲ್ಲಿ ತುಳಿದು ನಡೆಸುವ ಯಂತ್ರ, ಗೋಡೆಯುದ್ದಕ್ಕೂ ಸೀಸದ ಅಕ್ಷರಮೊಳೆಗಳ ಪೆಟ್ಟಿಗೆಗಳು, ಮೇಲೆ ಅಟ್ಟದಲ್ಲಿ ಕಾಗದ. ಮೊಳೆ ಜೋಡಿಸುವವರು ಒಬ್ಬರು, ಯಂತ್ರ ತುಳಿಯುವವರು ಒಬ್ಬರು, ಉಳಿದದ್ದಕ್ಕೆಲ್ಲ ನಾನು. ಉಳಿದದ್ದು ಎಂದರೆ ಸುದ್ದಿ ಬರೆಯುವುದು, ಕರಡಚ್ಚು ತಿದ್ದುವುದು, ಶನಿವಾರ ಪತ್ರಿಕೆಯ ಕಟ್ಟುಗಳನ್ನು ಬಸ್ಸಿಗೆ ಹಾಕಿ ಬೆಳ್ತಂಗಡಿಗೂ ಮೂಡುಬಿದಿರೆಗೂ ಮುಟ್ಟಿಸುವುದು, ಇದರ ಮೇಲೆ ಧಾರಾವಾಹಿ. ಹಿಂದೆ ಸ್ವಲ್ಪ ಕಾಲ ಶಾಲೆಯಲ್ಲಿ ಪಾಠ ಹೇಳಿದ್ದರಿಂದ ಎಲ್ಲರಿಗೂ ನಾನು ಮಾಸ್ಟ್ರು. ಯಜಮಾನರು ಸಂಜೆಗೊಮ್ಮೆ ಬಂದು ಕುರ್ಚಿಯಲ್ಲಿ ಕುಳಿತು ಎಲೆ ಅಡಿಕೆ ಹಾಕಿಕೊಂಡು ಹೋಗುತ್ತಿದ್ದರು. ಪತ್ರಿಕೆ ಅವರದ್ದು, ಸೊಂಟನೋವು ನನ್ನದು.

ಧಾರಾವಾಹಿಗೆ ಮೂರನೆಯ ಪುಟದಲ್ಲಿ ಎರಡು ಕಾಲಂ. ಕೈಬರಹ ನೋಡಿ ಎಷ್ಟು ಸಾಲು ಆಗುತ್ತದೆಂದು ಅಂದಾಜು ಮಾಡುವುದು ನನಗೆ ಕಡೆಯವರೆಗೂ ಸರಿಯಾಗಿ ಬರಲಿಲ್ಲ. ಮೊಳೆ ಜೋಡಿಸಿ ಚೌಕಟ್ಟಿಗೆ ಇಳಿಸಿದಾಗ ಕೊನೆಯಲ್ಲಿ ಖಾಲಿ ಉಳಿಯುತ್ತಿತ್ತು. ಸ್ವಲ್ಪ ಉಳಿದರೆ ಸಾಲುಗಳ ನಡುವೆ ಸೀಸದ ಪಟ್ಟಿ ತುರುಕಿ ಎಳೆಯಬಹುದು. ಹೆಚ್ಚು ಉಳಿದರೆ ನಾನು ಪಕ್ಕದಲ್ಲಿ ನಿಂತು ವಾಕ್ಯ ಹೇಳಬೇಕು, ಅವರು ಅಲ್ಲಿಯೇ ಮೊಳೆ ಹೆಕ್ಕಿ ಕೂಡಿಸಬೇಕು. ಕಥೆಯನ್ನು ಮುಂದೆ ನೂಕುವಂತಿಲ್ಲ, ಹಿಂದೆ ಎಳೆಯುವಂತಿಲ್ಲ. ಹಾಗಾಗಿ ನಾಯಿ. "ಬೊಳ್ಳು ಅಂಗಳದ ಮೂಲೆಯಿಂದ ಎದ್ದು ಜಗಲಿಯ ಮೆಟ್ಟಿಲವರೆಗೆ ಬಂತು" ಎಂದು ಹೇಳಿದೆ. "ಇನ್ನೂ ಒಂದು ಸಾಲು ಬೇಕು" ಎಂದರು ಮೊಳೆ ಜೋಡಿಸುವವರು. "ಮೆಟ್ಟಿಲು ಹತ್ತಲಿಲ್ಲ" ಎಂದೆ. ಅಷ್ಟರಲ್ಲಿ ಪುಟ ತುಂಬಿತು. ಆಮೇಲೆ ಜಾಗ ಉಳಿದ ವಾರಗಳಲ್ಲೆಲ್ಲ ಬೊಳ್ಳು ಎದ್ದು ಬರತೊಡಗಿತು.

ಕಥೆಯೇನೂ ಹೊಸದಲ್ಲ. ದೋಣಿ ದಾಟುವ ಕಡವಿನ ಹತ್ತಿರ ಒಂದು ಬಡ ಮನೆ, ವಿಧವೆ ತಾಯಿ, ಸುಶೀಲೆಯೆಂಬ ಮಗಳು. ಮದುವೆಗೆ ಮಾತುಕತೆ ನಡೆಯುತ್ತಿರುವಾಗ ದೋಣಿ ಮಗುಚಿ ಸುಶೀಲೆ ಸಾಯುತ್ತಾಳೆ. ಆ ಕಂತನ್ನು ಮನಸ್ಸಿಟ್ಟು ಬರೆದೆ. ಕೊನೆಗೆ ಹದಿನಾರರ ದಿನವನ್ನೂ ಬರೆದಿದ್ದೆ. ನಮ್ಮ ಕಡೆ ಸತ್ತವರನ್ನು ಹದಿನಾರನೆಯ ದಿನ ಒಳಗೆ ಕರೆಯುವ ಕ್ರಮ ಉಂಟು. ಮನೆಯವರು ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕರೆಯುತ್ತಾರೆ, ಎಲೆ ಹಾಕಿ ಬಡಿಸುತ್ತಾರೆ. ಆಮೇಲೆಯೇ ಆ ಜೀವ ಮನೆಯ ಹಿರಿಯರ ಸಾಲಿಗೆ ಸೇರುವುದು. ಕರೆಯುವ ತನಕ ಹೊರಗೆ.

ಆ ವಾರವೇ ಕೊನೆಯ ಗಳಿಗೆಯಲ್ಲಿ ಜವುಳಿ ಅಂಗಡಿಯೊಂದರ ಜಾಹೀರಾತು ಬಂತು. ಯಜಮಾನರು ಪುಟ ನೋಡಿ, ಹದಿನಾರರ ಭಾಗದ ಮೇಲೆ ಬೆರಳಿಟ್ಟು, "ಇದನ್ನು ತೆಗೆಯಿರಿ. ಸತ್ತ ಮೇಲೆ ಇಷ್ಟುದ್ದ ಯಾಕೆ? ಮುಂದಿನ ವಾರ ಹಾಕುವ" ಎಂದರು. ಮುಂದಿನ ವಾರಕ್ಕೆ ಆ ಮೊಳೆಗಳೆಲ್ಲ ಪೆಟ್ಟಿಗೆಗೆ ಮರಳಿದ್ದವು, ನನ್ನ ಉತ್ಸಾಹವೂ ಇಳಿದಿತ್ತು. ಹದಿನಾರರ ಭಾಗ ಬಿಟ್ಟೇ ಕಥೆಯನ್ನು ಮುಂದಕ್ಕೆ ಹೊಡೆದೆ. ಹುಡುಗಿ ಹೋದ ಮೇಲೆ ಬರೆಯುವುದಕ್ಕೂ ಹೆಚ್ಚೇನೂ ಇರಲಿಲ್ಲವಾದ್ದರಿಂದ ಕಂತುಗಳು ಗಿಡ್ಡವಾದವು. ಬೊಳ್ಳುವಿಗೆ ಪ್ರತಿ ವಾರವೂ ಕೆಲಸ ಬಿತ್ತು.

ಬೆಳ್ತಂಗಡಿಯಲ್ಲಿ ನಮ್ಮ ಏಜೆಂಟರದ್ದು ಒಂದು ಚಹಾದ ಹೋಟೆಲು. ಒಂದು ಶನಿವಾರ ಕಟ್ಟು ಇಳಿಸಿ ಕುಳಿತುಕೊಳ್ಳುವ ಮೊದಲೇ ಅವರು ಕೇಳಿದರು. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ಮಾಸ್ಟ್ರೆ, ಆ ನಾಯಿ ಸುಶೀಲೆಯೇ ಅಲ್ಲವಾ?"

"ಯಾವ ನಾಯಿ?"

"ಗೊತ್ತಿಲ್ಲದ ಹಾಗೆ ಮಾಡಬೇಡಿ ಮಾರಾಯ್ರೆ. ಹುಡುಗಿಯನ್ನು ಒಳಗೆ ಕರೆದೇ ಇಲ್ಲ. ನಾಯಿ ಮೆಟ್ಟಿಲ ತನಕ ಬರ್ತದೆ, ಮೇಲೆ ಹತ್ತುವುದಿಲ್ಲ. ಹೇಗೆ ಹತ್ತುವುದು, ಕರೆಯದೆ?"

ಚಹಾ ಕುಡಿಯುತ್ತಿದ್ದವರೆಲ್ಲ ಸೇರಿಕೊಂಡರು. ತಾಯಿ ಅಳುವಾಗ ನಾಯಿ ಬೊಗಳುವುದಿಲ್ಲ ಎಂದರು ಒಬ್ಬರು. ಕಡವಿಗೆ ಹೋಗಿ ನೀರು ನೋಡುತ್ತ ಕುಳಿತದ್ದನ್ನು ನೆನಪಿಸಿದರು ಇನ್ನೊಬ್ಬರು. ಆ ಸಾಲು ನನಗೇ ಮರೆತುಹೋಗಿತ್ತು. ನಾನು ಜಾಗ ತುಂಬಿಸಲಿಕ್ಕೆ ಹೇಳಿದ್ದೆನ್ನುವ ಮಾತು ಬಾಯಿಯ ತುದಿಗೆ ಬಂದರೂ ಆಡಲಿಲ್ಲ. ಅಷ್ಟು ಜನ ನನ್ನ ಸಾಲುಗಳನ್ನು ಬಾಯಿಪಾಠ ಮಾಡಿದ್ದು ಅದೇ ಮೊದಲು, ಒಳಗೊಳಗೇ ಖುಷಿಯಾಗಿತ್ತು.

ಮೂಡುಬಿದಿರೆಯಲ್ಲಿ ಏಜೆಂಟರು ಪಾತ್ರೆ ವ್ಯಾಪಾರದ ಜೈನರು. ಅವರ ಅಂಗಡಿಯಲ್ಲಿ ಇದೇ ಚರ್ಚೆ ಬೇರೆ ದಾರಿ ಹಿಡಿದಿತ್ತು.

"ಸಾಧ್ಯವೇ ಇಲ್ಲ" ಎಂದರು ಅವರು. "ಹುಡುಗಿ ಸಾಯುವ ಮೊದಲೇ ನಾಯಿ ಇತ್ತು. ಅಂದರೆ ನಾಯಿಗೆ ಅದರದ್ದೇ ಜೀವ ಉಂಟು. ಒಂದು ಶರೀರದಲ್ಲಿ ಎರಡು ಜೀವ ಕೂರುವುದು ಹೇಗೆ? ಮತ್ತೆ ಜೀವ ಹೊರಟ ಕೂಡಲೇ ಬೇರೆ ಗತಿ ಹಿಡೀತದೆ. ಜಗಲಿಯಲ್ಲಿ ಕಾಯುವುದಿಲ್ಲ."

"ಅದು ನಿಮ್ಮಲ್ಲಿ, ಶೆಟ್ರೆ. ಸುಶೀಲೆ ನಮ್ಮವಳು" ಎಂದರು ಪಕ್ಕದ ಗಿರಾಕಿ.

ನಾನು ಹೊರಟಾಗ ಏಜೆಂಟರು ರಸ್ತೆಯವರೆಗೆ ಬಂದು ಮೆಲ್ಲನೆ ಕೇಳಿದರು, "ಆ ನಾಯಿ ಮರಿ ಹಾಕ್ಲಿಕ್ಕೆ ಉಂಟಾ ಮುಂದೆ? ಹಾಕಿದರೆ ಲೆಕ್ಕ ಸರಿಯಾಗ್ತದೆ. ಮರಿಯಲ್ಲಿ ಹುಟ್ಟಬಹುದು." ಇವರಿಗೂ ತಗಲಿತಲ್ಲ ಎಂದುಕೊಂಡೆ.

ಮಾರಾಟವಾಗದ ಕಟ್ಟುಗಳು ಹಿಂದಕ್ಕೆ ಬರುವುದು ನಿಂತಿತು. ಯಜಮಾನರು ಈಗ ಸಂಜೆ ಬಂದವರು ಎದ್ದು ಹೋಗುತ್ತಿರಲಿಲ್ಲ. "ಹೌದು ಅಂತಲೂ ಬೇಡ, ಅಲ್ಲ ಅಂತಲೂ ಬೇಡ. ಎಳೆಯಿರಿ" ಎನ್ನುತ್ತಿದ್ದರು. ನನ್ನ ಖುಷಿ ಕೆಲವೇ ವಾರಗಳಲ್ಲಿ ಇಳಿದುಹೋಯಿತು. ಸತ್ತ ಹುಡುಗಿಗೆ ಬರೆದ ಕಷ್ಟವನ್ನು ಕೇಳುವವರಿಲ್ಲ, ಉಳಿದ ಮೂಲೆಗೆ ತುರುಕಿದ ನಾಯಿಗೆ ಊರೆಲ್ಲ ಜೈಕಾರ. ಬಸ್ಸಿನಲ್ಲಿ ನಾಯಿ, ಹೋಟೆಲಿನಲ್ಲಿ ನಾಯಿ, ಕ್ಷೌರದ ಅಂಗಡಿಯಲ್ಲಿ ಕತ್ತಿ ಕುತ್ತಿಗೆಯ ಮೇಲಿರುವಾಗಲೂ ನಾಯಿ. ತಲೆ ಕೆಟ್ಟು ಒಂದು ವಾರ ಚಿರತೆಯೊಂದನ್ನು ತಂದು ಬೊಳ್ಳುವನ್ನು ಎತ್ತಿಸಿಬಿಟ್ಟೆ. ಮೊಳೆ ಜೋಡಿಸುವವರು ಅರ್ಧ ಓದಿ ಹಸ್ತಪ್ರತಿಯನ್ನು ಮೇಜಿನ ಮೇಲಿಟ್ಟರು. "ಇದನ್ನು ನಾನು ಜೋಡಿಸಿ ಮನೆಗೆ ಹೋದರೆ ನನಗೆ ಊಟ ಸಿಗಲಿಕ್ಕಿಲ್ಲ ಮಾಸ್ಟ್ರೆ" ಎಂದರು. ಯಜಮಾನರು ಅದನ್ನು ಓದಲೂ ಇಲ್ಲ, ಮಡಚಿ ಜೇಬಿಗೆ ಹಾಕಿಕೊಂಡರು.

ಅದೇ ಹೊತ್ತಿಗೆ ಸಿದ್ಧಕಟ್ಟೆಯ ಕಡೆಯಿಂದ ಒಬ್ಬರು ಬಂದರು. ವಯಸ್ಸಾದವರು, ನೆನೆದ ಕೊಡೆಯನ್ನು ಮೆಟ್ಟಿಲ ಕೆಳಗೇ ಬಿಟ್ಟು ಬಾಗಿಲಲ್ಲಿ ನಿಂತರು.

"ಪೇಪರಿನಲ್ಲಿ ಕಥೆ ಬರೆಯುವ ಮಾಸ್ಟ್ರು ನೀವೇಯಾ?"

"ಹೌದು. ನಾಯಿಯ ವಿಷಯವಾದರೆ ನನಗೆ ಪುರುಸೊತ್ತಿಲ್ಲ."

"ನಾಯಿಯದ್ದಲ್ಲ. ಹುಡುಗಿಯ ವಿಷಯ."

ಕುಳಿತುಕೊಳ್ಳಿ ಎಂದೆ. ಅವರು ಬೆಂಚಿನ ತುದಿಯಲ್ಲಿ ಕುಳಿತು, ಹೇಳಲಿಕ್ಕೆ ತಂದದ್ದನ್ನು ಒಂದೇ ಸಲಕ್ಕೆ ಹೇಳಿದರು. ಮಗ ಬೊಂಬಾಯಿಯಲ್ಲಿ ಹೋಟೆಲಿನಲ್ಲಿದ್ದ. ಜ್ವರ ಬಂದು ತೀರಿಕೊಂಡ. ಅಲ್ಲಿಯೇ ಸುಟ್ಟರು. ಇಲ್ಲಿ ಹದಿನಾರು ಮಾಡಿ ಒಳಗೆ ಕರೆದರು. "ಕರೆದಿದ್ದೇವೆ, ಬರಲಿಲ್ಲ" ಎಂದರು. ತಾಯಿಯ ಕನಸಿನಲ್ಲಿ ಅಂಗಳದಲ್ಲೇ ನಿಂತಿರುತ್ತಾನೆ. ಬಾ ಎಂದರೆ, ಒಬ್ಬನೇ ಹೇಗೆ ಬರುವುದು ಎನ್ನುತ್ತಾನೆ. ಜೋಯಿಸರಲ್ಲಿ ಪ್ರಶ್ನೆ ಇಟ್ಟು ನೋಡಿಸಿದಾಗಲೂ ಮದುವೆ ಕೇಳುತ್ತಿದ್ದಾನೆ ಎಂದೇ ಬಂತು.

ಮದುವೆಯಾಗದೆ ಸತ್ತ ಹುಡುಗನಿಗೆ ಹಾಗೆಯೇ ಸತ್ತ ಹುಡುಗಿಯನ್ನು ಹುಡುಕಿ, ಎರಡೂ ಮನೆಯವರು ಸೇರಿ ಮದುವೆ ಮಾಡಿಸುವ ಪದ್ಧತಿ ನಮ್ಮಲ್ಲಿ ಉಂಟು. ಕುಲೆ ಮದುವೆ ಎನ್ನುತ್ತಾರೆ. ಕುಲೆ ಎಂದರೆ ಸತ್ತವರ ಜೀವ. ಬದುಕಿರುವವರ ಶುಭಕಾರ್ಯ ಇಲ್ಲದ, ಮಳೆಗಾಲದ ಆಟಿ ತಿಂಗಳಲ್ಲಿ ಮಾಡುವುದು. ಜಾತಿ ಒಂದೇ ಆಗಬೇಕು, ಬರಿ, ಎಂದರೆ ತಾಯಿಯ ಕಡೆಯಿಂದ ಬರುವ ಗೋತ್ರ, ಬೇರೆಯಾಗಬೇಕು, ಪ್ರಾಯ ಹೊಂದಬೇಕು. ಅಂಥ ಹುಡುಗಿ ಸುಲಭದಲ್ಲಿ ಸಿಗುವುದಿಲ್ಲ.

"ಸುಶೀಲೆಯ ಮನೆ ಯಾವ ಕಡವಿನ ಹತ್ತಿರ ಅಂತ ಹೇಳಿದರೆ ಸಾಕು" ಎಂದರು ಅವರು. "ಹೆಸರು ಬದಲಿಸಿ ಬರೆದಿದ್ದೀರಿ, ಗೊತ್ತುಂಟು. ನಿಮ್ಮ ಹೆಸರು ಎಲ್ಲಿಯೂ ಎತ್ತುವುದಿಲ್ಲ. ಅವಳು ನಾಯಿಯಲ್ಲಿ ಉಂಟು ಅಂತ ಎಲ್ಲರೂ ಹೇಳ್ತಾರೆ. ಅಂದರೆ ಹುಡುಗಿ ಇನ್ನೂ ಹೊರಗೇ ಉಂಟು. ನಮ್ಮವನೂ ಹೊರಗೇ ಇದ್ದಾನೆ."

ಯಂತ್ರ ತುಳಿಯುವವರು ಕಾಲು ನಿಲ್ಲಿಸಿದ್ದರು. ಅಂಥ ಮನೆಯಿಲ್ಲ, ಹುಡುಗಿಯಿಲ್ಲ, ಎಲ್ಲ ನನ್ನ ತಲೆಯದ್ದು ಎಂದು ನಾನು ಬಿಡಿಸಿ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಮಾತು ಕೊಟ್ಟಿರಬೇಕು ನೀವು ಆ ಮನೆಯವರಿಗೆ, ಎಂದು ನನ್ನನ್ನೇ ಸಮಾಧಾನ ಮಾಡಿದರು. ಕೊನೆಗೆ, "ಹಾಗಾದರೆ ಆ ಮಾತನ್ನು ನೀವೇ ಬಂದು ಹುಡುಗನ ತಾಯಿಗೆ ಹೇಳಿ. ನಾನು ಹೇಳಿದರೆ ಅವಳು ನಂಬುವುದಿಲ್ಲ" ಎಂದರು.

ಮುಂದಿನ ಶನಿವಾರ ಮೂಡುಬಿದಿರೆಯ ಬಸ್ಸಿನಿಂದ ಸಿದ್ಧಕಟ್ಟೆಯಲ್ಲಿ ಇಳಿದೆ. ತಾಯಿ ಜಗಲಿಯಲ್ಲಿ ಗೋಡೆಗೆ ಒರಗಿ ಕುಳಿತಿದ್ದರು. ಬಳೆಗಳು ಮೊಣಕೈವರೆಗೆ ಜಾರುವಷ್ಟು ಸಪೂರವಾಗಿದ್ದರು. ಅವರಿಗೆ ಓದಲು ಬರುವುದಿಲ್ಲ. ವಾರ ವಾರ ಗಂಡನೇ ಓದಿ ಹೇಳುತ್ತಿದ್ದರಂತೆ. ಬೆಲ್ಲ ನೀರು ಕೊಟ್ಟು, ನಾನು ಕುಡಿದು ಮುಗಿಸುವವರೆಗೆ ಕಾದು, ಕೇಳಿದರು:

"ಆ ಹುಡುಗಿಯ ಮನೆಯವರ ಬರಿ ಯಾವುದು?"

"ಅಮ್ಮಾ, ಅಂಥ ಹುಡುಗಿ ಇಲ್ಲ. ನಾನೇ ಕಟ್ಟಿದ ಕಥೆ ಅದು."

"ಕಟ್ಟಿದ್ದಾದರೆ ಹದಿನಾರು ಬಿಡ್ತಿದ್ದಿರಾ ನೀವು? ಕಟ್ಟುವವರು ಎಲ್ಲ ಸರಿಮಾಡಿ ಕಟ್ಟುತ್ತಾರೆ. ಅದು ಕೈಲಾಗದ ಮನೆ, ಅದಕ್ಕೇ ಮಾಡಲಿಲ್ಲ. ನೀವು ಇದ್ದದ್ದನ್ನು ಬರೆದಿರಿ."

ಜಾಹೀರಾತು ಬಂದದ್ದು, ಭಾಗ ತೆಗೆದದ್ದು, ಮೊಳೆ ಮರಳಿದ್ದು, ಎಲ್ಲವನ್ನೂ ಹೇಳಿದೆ. ಸಾಲಗಾರನ ನೆಪ ಕೇಳುವವರ ಹಾಗೆ ಕೇಳಿಸಿಕೊಂಡರು.

"ಅವಳು ನಗುವಾಗ ಸೆರಗನ್ನು ಬಾಯಿಗೆ ಅಡ್ಡ ಹಿಡೀತಾಳಲ್ಲ? ಅದು ಕಟ್ಟಿದ್ದಾ? ಅದು ನೋಡಿ ಬರೆದದ್ದು."

ಅದು ಹೌದು. ಬಸ್ಸಿನಲ್ಲಿ ಯಾರೋ ಹಾಗೆ ನಕ್ಕದ್ದನ್ನು ನೋಡಿ ಬರೆದಿದ್ದೆ. ಒಪ್ಪಿಕೊಂಡೆ. ಅವರ ಮುಖದಲ್ಲಿ ಅಷ್ಟು ಹೊತ್ತಿಗೆ ಮೊದಲ ಸಲ ಸ್ವಲ್ಪ ಬೆಳಕು ಕಂಡಿತು, ಈ ತನಕ ಹೇಳಿದ್ದೆಲ್ಲ ವ್ಯರ್ಥವಾಯಿತೆಂದು ನನಗೆ ಗೊತ್ತಾಯಿತು.

ಗಂಡ ಬಸ್ಸಿಗೆ ಬಿಡಲು ಬಂದರು. ಬಸ್ಸಿನ ಶಬ್ದ ಕೇಳಿಸಿದ ಮೇಲೆ ಹೇಳಿದರು, "ಗಂಜಿಯ ತಿಳಿ ಒಂದೇ ಅವಳು ಕುಡಿಯುವುದು. ಅಗುಳು ಮುಟ್ಟುವುದಿಲ್ಲ. ಆಟಿ ಮುಗಿದರೆ ಮತ್ತೆ ಮುಂದಿನ ವರ್ಷ. ಅಷ್ಟರ ತನಕ ಅವಳು ಇರುವುದಿಲ್ಲ ಮಾಸ್ಟ್ರೆ."

ಆ ದಿನ ಮೂಡುಬಿದಿರೆಯಲ್ಲಿ ನಾಯಿಯ ಮರಿಯ ಬಗ್ಗೆ ಕೇಳಿದವರಿಗೆ ಕೆಟ್ಟದಾಗಿ ಉತ್ತರ ಕೊಟ್ಟು ಬಂದೆ. ಹಿಂದಿರುಗುವ ಬಸ್ಸಿನಲ್ಲಿ ಒಂದೇ ಯೋಚನೆ. ಸತ್ಯ ಹೇಳಿ ನೋಡಿಯಾಯಿತು. ಅವರು ನಂಬುವುದು ನನ್ನ ಬಾಯಿಯನ್ನಲ್ಲ, ಅಚ್ಚಾದದ್ದನ್ನು. ಹಾಗಿದ್ದರೆ ಅಚ್ಚಿನಲ್ಲಿಯೇ ಕೊಡುವ. ಸುಶೀಲೆಯನ್ನು ಒಳಗೆ ಕರೆಸಿ, ಅವರ ಮಗನಿಗೇ ಮದುವೆ ಮಾಡಿಸಿಬಿಟ್ಟರೆ ಆ ಹೆಂಗಸು ಒಂದು ತುತ್ತು ಉಣ್ಣುತ್ತಾಳೆ, ನನಗೂ ಕಥೆ ಮುಗಿಯುತ್ತದೆ. ಸಿದ್ಧಕಟ್ಟೆಯಲ್ಲಿ ಮತ್ತೆ ಇಳಿದೆ.

ಗಂಡನಿಗೆ ನನ್ನ ಯೋಚನೆಯನ್ನು ತಿಳಿಸಿದೆ. "ಹೆಸರು ಹಾಕುವುದು ಬೇಡ" ಎಂದರು. "ಬೊಂಬಾಯಿ ಅಂತ ಹಾಕಿ. ಹೋಟೆಲು ಅಂತ ಹಾಕಿ. ಅವಳಿಗೆ ಗೊತ್ತಾಗ್ತದೆ." ಬರಿ ಯಾವುದು ಹಾಕಬೇಕೆಂದು ಕೇಳಿದೆ. ತಮಗೆ ಹೊಂದುವ ಒಂದನ್ನು ಹೇಳಿದರು.

ಯಜಮಾನರು ಮೊದಲು ಒಪ್ಪಲಿಲ್ಲ. "ಒಳಗೆ ಕರೆದರೆ ಮತ್ತೆ ನಾಯಿಯಲ್ಲಿ ಎಂತ ಉಳೀತದೆ?" ಎಂದರು. ಕರೆಯುವಾಗ ನಾಯಿಯೇ ಮೆಟ್ಟಿಲು ಹತ್ತಿ ಬರುತ್ತದೆ ಎಂದೆ. ಅವರು ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಪುಟವಿಡೀ ಬಿಟ್ಟುಕೊಟ್ಟರು, ಜಾಹೀರಾತು ಬೇಡವೆಂದರು.

ಬರೆಯುವುದು ಕಷ್ಟವಾಗಲಿಲ್ಲ, ಅಚ್ಚಾಗುವುದು ಕಷ್ಟವಾಯಿತು. ಅರ್ಧ ಜೋಡಿಸಿಯಾಗುವಷ್ಟರಲ್ಲಿ ಹೊಳೆ ಏರಿ ಒಳರಸ್ತೆಗೆ ಬಂತು. ಬಂಟ್ವಾಳದವರಿಗೆ ಇದು ಹೊಸತಲ್ಲ. ಅಂಗಡಿಗಳವರು ಗೋಣಿಗಳನ್ನು ಮೇಲಕ್ಕೆ ಸಾಗಿಸುತ್ತಿದ್ದ ಹಾಗೆಯೇ ನಾವು ಮೊಳೆಯ ಪೆಟ್ಟಿಗೆಗಳನ್ನು ಅಟ್ಟಕ್ಕೆ ಹೊತ್ತೆವು. ಸೀಸದ ಭಾರ ಹೊತ್ತವರಿಗೇ ಗೊತ್ತು. ಒಂದು ಪೆಟ್ಟಿಗೆ ಏಣಿಯಲ್ಲಿ ಮಗುಚಿ ಒತ್ತಕ್ಷರದ ಮೊಳೆಗಳೆಲ್ಲ ಕೆಸರುನೀರಿಗೆ ಬಿದ್ದವು. ನೀರಿನಲ್ಲಿ ಕೈಯಾಡಿಸಿ ಹೆಕ್ಕಿ, ತೊಳೆದು, ಹೊದಿಕೆಯ ಮೇಲೆ ಹರಡಿ ಒಣಗಿಸಿದೆವು. ಸಿಗದಿದ್ದ ಅಕ್ಷರಗಳಿಗೆ ತಕ್ಕಂತೆ ನಾನು ವಾಕ್ಯಗಳನ್ನೇ ಬದಲಿಸಿ ಕೊಟ್ಟೆ. ಮೊಳೆ ಜೋಡಿಸುವವರು ಅಟ್ಟದ ಗಾಜಿನ ಹಂಚಿನ ಕೆಳಗೆ ಕುಳಿತು ಆ ಬೆಳಕಿನಲ್ಲಿ ಕೆಲಸ ಮಾಡಿದರು. ನೀರು ಇಳಿದ ಮೇಲೆ ಯಂತ್ರದ ಕೆಸರು ಕೆರೆದು, ಎಣ್ಣೆ ಕುಡಿಸಿ, ಅಚ್ಚು ತೆಗೆದೆವು. ಆಟಿ ಮುಗಿಯಲು ಇನ್ನು ಸ್ವಲ್ಪವೇ ಉಳಿದಿತ್ತು. ಸಿದ್ಧಕಟ್ಟೆಯ ಪ್ರತಿಯನ್ನು ಬಸ್ಸಿನಿಂದ ನಾನೇ ಕೈಚಾಚಿ ಹುಡುಗನ ತಂದೆಯ ಕೈಗೆ ಕೊಟ್ಟೆ.

ಆಮೇಲೆ ನಡೆದದ್ದನ್ನು ಅವರೇ ಬಂದು ಹೇಳಿದರು. ಎರಡು ಮಣೆ ಇಟ್ಟು, ಒಂದರ ಮೇಲೆ ಸೀರೆ ಬಳೆ, ಇನ್ನೊಂದರ ಮೇಲೆ ವೇಷ್ಟಿ ಶಾಲು ಇಟ್ಟು, ಅವರು ಓದಿದರಂತೆ. ಅದರಲ್ಲಿ ಏನೇನು ಮಾಡಿದರೆಂದು ಬರೆದಿದ್ದೆನೋ ಅದನ್ನು ತಾಯಿ ಹಾಗೆಯೇ ಮಾಡಿದರಂತೆ. "ನಿಲ್ಲಿಸಿ ನಿಲ್ಲಿಸಿ ಓದಿದೆ. ಒಂದೊಂದನ್ನೂ ಮಾಡ್ಲಿಕ್ಕೆ ಅವಳಿಗೆ ಸಮಯ ಬೇಕಲ್ಲ" ಎಂದರು. ಧಾರೆಯ ಸಾಲು ಬಂದಾಗ ನೀರು ಎರೆದರು. ಎರಡು ಎಲೆ ಹಾಕಿ ಬಡಿಸಿದರು. ಅದಾದ ಮೇಲೆ ಆಕೆ ತಾನೂ ಕುಳಿತು ಅನ್ನ ಉಂಡರು.

ಬೆಳ್ತಂಗಡಿಯ ಹೋಟೆಲಿನಲ್ಲಿ ಏಜೆಂಟರು ನನಗೆ ಬನ್ಸ್ ಕೊಟ್ಟು, "ನಾನು ಹೇಳಿದ್ದೆನೋ ಇಲ್ಲವೋ?" ಎಂದು ಎಲ್ಲರನ್ನೂ ಕೇಳಿದರು. ಮೂಡುಬಿದಿರೆಯವರು ಮಾತ್ರ ಕಟ್ಟು ತೆಗೆದುಕೊಳ್ಳುವಾಗ ಮುಖ ತಿರುಗಿಸಿದರು. "ಶಾಸ್ತ್ರ ಕೆಡಿಸಿಬಿಟ್ಟಿರಿ" ಎಂದಷ್ಟೇ ಅಂದರು. ಧಾರಾವಾಹಿ ಮುಗಿಯಿತು. ನಾನು ಗೆದ್ದೆನೆಂದೇ ತಿಳಿದೆ. ಒಂದು ಪುಟ ಬರೆದು ಒಬ್ಬ ಹೆಂಗಸನ್ನು ಉಣ್ಣಿಸಿದವರು ಎಷ್ಟು ಜನ ಇದ್ದಾರೆ ಎಂದು ಮೊಳೆ ಜೋಡಿಸುವವರ ಹತ್ತಿರ ಜಂಬ ಕೊಚ್ಚಿಕೊಂಡೆ.

ಮರುವರ್ಷ ಆಟಿಗೆ ಮೊದಲು ಬೆಳ್ತಂಗಡಿ ತಾಲೂಕಿನ ಒಳಗಿನ ಹಳ್ಳಿಯಿಂದ ಒಬ್ಬರು ಬಂದರು. ಹೆಚ್ಚು ಮಾತು ಬಾರದ ಮನುಷ್ಯ. ಟೋಪಿಯನ್ನು ಮಡಿಲಲ್ಲಿಟ್ಟು ತಿರುಗಿಸುತ್ತಿದ್ದರು. ಮಗಳು ವಿಷಮಜ್ವರದಲ್ಲಿ ತೀರಿಕೊಂಡಿದ್ದಳು, ಮದುವೆಯಾಗಿರಲಿಲ್ಲ. ಮಧ್ಯಸ್ಥರೊಬ್ಬರು ಸಿದ್ಧಕಟ್ಟೆಯ ಆ ಮನೆಯನ್ನು ತೋರಿಸಿದ್ದರು. ಜಾತಿ ಹೊಂದಿತು, ಬರಿ ಹೊಂದಿತು, ಪ್ರಾಯ ಹೊಂದಿತು. ಹೋಗಿ ಕೇಳಿದರೆ, ನಮ್ಮ ಹುಡುಗನಿಗೆ ಆಗಿದೆ ಎಂದರಂತೆ.

"ಯಾವ ಹುಡುಗಿ ಅಂತ ಕೇಳಿದೆ. ಪೇಪರ್ ತೋರಿಸಿದರು" ಎಂದರು ಅವರು. "ಆ ಹುಡುಗಿ ಇದ್ದವಳಾ ಮಾಸ್ಟ್ರೆ?"

"ಇಲ್ಲ."

"ನನ್ನ ಮಗಳು ಇದ್ದಳು."

ಮಾಡಿದ ಉಪಕಾರದ ಇನ್ನೊಂದು ಬದಿಯಲ್ಲಿ ಯಾರೋ ನಿಂತಿರಬಹುದೆಂದು ನಾನು ಯೋಚಿಸಿಯೇ ಇರಲಿಲ್ಲ. "ಹೋಗುವ" ಎಂದು ಅಂಗಿ ಹಾಕಿಕೊಂಡೆ.

ಸಿದ್ಧಕಟ್ಟೆಯಲ್ಲಿ ತಾಯಿ ಕೈಕಾಲು ತುಂಬಿಕೊಂಡಿದ್ದರು. ನನ್ನನ್ನು ನೋಡಿ ನಕ್ಕವರು ಹಿಂದಿದ್ದವರನ್ನು ಕಂಡು ನಗು ನಿಲ್ಲಿಸಿದರು. ಗಂಡ ತಲೆ ತಗ್ಗಿಸಿ ಜಗಲಿಯ ಕಂಬ ಹಿಡಿದು ನಿಂತರು. ಸುಶೀಲೆ ನಾನು ಕಟ್ಟಿದವಳು, ಮದುವೆಯನ್ನೂ ನಾನೇ ಕಟ್ಟಿದ್ದು, ನಿಮ್ಮ ಮಗನಿಗೆ ಇನ್ನೂ ಮದುವೆಯಾಗಿಲ್ಲ ಎಂದು ಹೇಳಿದೆ.

"ಕಟ್ಟಿದ್ದು ಅಂತ ಮೊದಲೂ ಹೇಳಿದಿರಿ" ಎಂದರು ತಾಯಿ. "ಮತ್ತೆ ಮದುವೆ ಬರೆದಿರಿ. ಈಗ ಮತ್ತೆ ಕಟ್ಟಿದ್ದು ಅಂತೀರಿ. ನಾನು ಯಾವುದನ್ನು ನಂಬುವುದು?"

"ಈಗ ಹೇಳಿದ್ದನ್ನು."

"ಅಮಾವಾಸ್ಯೆಗೆ ಅಮಾವಾಸ್ಯೆಗೆ ಇಬ್ಬರಿಗೂ ಎಲೆ ಹಾಕ್ತೇನೆ. ಅವಳು ನನ್ನ ಸೊಸೆ. ನನಗೆ ಅವಳ ನಗು ಗೊತ್ತುಂಟು, ನಡೆಯುವುದು ಗೊತ್ತುಂಟು. ಇವರ ಮಗಳನ್ನು ನಾನು ಕಂಡಿಲ್ಲ." ಅನಂತರ ಆ ತಂದೆಯ ಕಡೆಗೆ ತಿರುಗಿದರು. "ಹೇಗಿದ್ದಳು ನಿಮ್ಮ ಹುಡುಗಿ?"

"ಒಳ್ಳೆಯವಳು."

"ಮತ್ತೆ?"

"ಮಾತು ಕಡಿಮೆ."

"ನಗುವುದು ಹೇಗೆ?"

ಅವರು ಟೋಪಿಯನ್ನು ನೋಡಿದರು. "ನಾನು ಗಮನಿಸಿಲ್ಲ. ನಾನು ಗದ್ದೆಗೆ ಹೋಗುವವ" ಎಂದರು. ಆಮೇಲೆ ನನ್ನ ಕಡೆ ನೋಡಿದರು. ನಾನು ಏನಾದರೂ ಸೇರಿಸಿ ಹೇಳುತ್ತೇನೆಂದು ಕಾದಿರಬೇಕು. ನನಗೆ ಸೆರಗು ಬಾಯಿಗೆ ಹಿಡಿಯುವ ನಗುವೊಂದನ್ನು ಅಲ್ಲಿಯೇ ಕೊಡಬಹುದಿತ್ತು, ನಡಿಗೆ ಕೊಡಬಹುದಿತ್ತು, ಆ ಜಗಲಿಯಲ್ಲಿ ನಿಂತು ಇನ್ನೊಬ್ಬಳನ್ನು ಕಟ್ಟಿಬಿಡಬಹುದಿತ್ತು. ಬಾಯಿ ಮುಚ್ಚಿಕೊಂಡೆ.

"ಜ್ವರ ಏರಿದ ದಿವಸ ತಣ್ಣೀರು ಕೇಳಿದಳು" ಎಂದರು ಅವರು, ಯಾರನ್ನೂ ನೋಡದೆ. "ಮದ್ದಿನ ಪಂಡಿತರು ಕೊಡಬಾರದು ಅಂದಿದ್ದರು. ಮತ್ತೆ ಮತ್ತೆ ಕೇಳಿದಳು. ನಾನು ಕೊಡಲಿಲ್ಲ. ಇಷ್ಟೇ ನನಗೆ ಹೇಳ್ಲಿಕ್ಕೆ ಇರುವುದು."

ತಾಯಿಯ ಕಣ್ಣಲ್ಲಿ ನೀರು ಬಂತು. ಅಳು ಯಾರಿಗೆಂದು ನನಗೆ ತಿಳಿಯಲಿಲ್ಲ.

"ಸುಶೀಲೆಯನ್ನು ಎಂತ ಮಾಡುವುದು ಈಗ?" ಎಂದು ನನ್ನನ್ನು ಕೇಳಿದರು.

"ಇನ್ನು ಎಲೆ ಹಾಕುವುದು ಬೇಡ."

"ಮತ್ತೆ ಅವಳು ಎಲ್ಲಿಗೆ ಹೋಗ್ತಾಳೆ?"

"ಎಲ್ಲಿಗೂ ಹೋಗುವುದಿಲ್ಲ, ಅಮ್ಮಾ. ಅವಳು ಇರಲಿಲ್ಲ."

ನಾನು ಬರೆದವಳು. ನದಿಗೆ ಬೀಳಿಸುವಾಗ ನನಗೆ ಅಷ್ಟು ನೋವಾಗಿರಲಿಲ್ಲ. ಆ ಮಾತು ಆಡುವಾಗ ಆಯಿತು. ತಾಯಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಗಂಡ ಕಂಬ ಬಿಟ್ಟು ಮೆಟ್ಟಿಲ ಮೇಲೆ ಕುಳಿತರು. ಏಳುವ ಎಂದು ನಾನು ಸನ್ನೆ ಮಾಡಿದಾಗ ಆ ತಂದೆ ಕದಲಲಿಲ್ಲ.

ಆಕೆ ಹೊರಗೆ ಬಂದಾಗ ಕೈಯಲ್ಲಿ ಒಂದು ಚೆಂಬು ತಣ್ಣೀರು ಇತ್ತು. ಅದನ್ನು ನಮ್ಮಿಬ್ಬರ ಎದುರು ಇಡಲಿಲ್ಲ. ಹೊಸಿಲ ಒಳಗಿನ ಬದಿಯಲ್ಲಿ, ನೆಲ ಒರೆಸಿ, ಇಟ್ಟರು. ಆಮೇಲೆ ತಂದೆಯ ಹತ್ತಿರ ಬಂದು ಕುಳಿತು ಕೇಳಿದರು:

"ಅವಳ ಹೆಸರೆಂತ?"

ಬಂಟ್ವಾಳದಿಂದ ಅಲ್ಲಿಯವರೆಗೆ ಒಂದೇ ಬಸ್ಸಿನಲ್ಲಿ ಕುಳಿತು ಬಂದ ನಾನು ಅದನ್ನು ಕೇಳಿಯೇ ಇರಲಿಲ್ಲ. ಅವರು ಹೇಳಿದರು. ತಾಯಿ ಬಾಗಿಲಿಗೆ ಹೋಗಿ, ಅಂಗಳಕ್ಕೆ ಮುಖ ಮಾಡಿ, ಆ ಹೆಸರು ಹಿಡಿದು ಒಂದು ಸಲ ಕರೆದರು. ಆ ಹೆಸರನ್ನು ನಾನು ಎಲ್ಲಿಯೂ ಬರೆದಿಲ್ಲ. ಇಲ್ಲಿಯೂ ಬರೆಯುವುದಿಲ್ಲ.